ದಾವಣಗೆರೆಯಲ್ಲಿ ಒಂದು ದಿನ: ಹಳೆ ಪುಸ್ತಕ ಹುಡುಕುವುದು, ನೋಡುವುದು, ಕೊಳ್ಳುವುದು ಹೇಗೆ

ದಾವಣಗೆರೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಎಂಜಿನಿಯರಿಂಗ್ ಗಣಿತ, ಅನಾಟಮಿ, ನೀಟ್ ಗೈಡು, ಎಫ್‌ಡಿಎ-ಎಸ್‌ಡಿಎ ಪ್ರಶ್ನೆಪತ್ರಿಕೆಗಳ ಕಟ್ಟು. ಕಥೆ ಕಾದಂಬರಿ ಹುಡುಕಿಕೊಂಡು ಬಂದವರು ಇಷ್ಟು ನೋಡಿಯೇ ವಾಪಸ್ ಹೋಗುವುದುಂಟು. ಹಾಗೆ ಹೋಗಬೇಡಿ. ಇದು ಕಾಲೇಜುಗಳ ಊರು, ಅಂಗಡಿಯ ಬಾಡಿಗೆ ಹುಟ್ಟುವುದು ಪಠ್ಯಪುಸ್ತಕದಿಂದ. ಅದಕ್ಕೇ ಅವು ಮುಂದೆ ಇರುತ್ತವೆ. ಕಾದಂಬರಿ, ವಚನ, ನಾಟಕ, ಹಳೆ ಮಾಸಿಕಗಳು ಬರುವ ದಾರಿಯೇ ಬೇರೆ. ಯಾರೋ ಮನೆ ಖಾಲಿ ಮಾಡಿದಾಗ, ನಿವೃತ್ತ ಮೇಷ್ಟ್ರ ಕಪಾಟು ತೂಕಕ್ಕೆ ಹೋದಾಗ ಅವು ಮೂಟೆಯಲ್ಲಿ ಬರುತ್ತವೆ. ಬಂದದ್ದು ಹಿಂದಿನ ಸಾಲಿಗೋ, ಅಟ್ಟಕ್ಕೋ, ನೆಲದ ಮೇಲಿನ ಗುಡ್ಡೆಯ ಬುಡಕ್ಕೋ ಸೇರುತ್ತದೆ. ಅಲ್ಲಿಯತನಕ ಕೈ ಹೋಗಬೇಕಾದರೆ ಅರ್ಧ ಗಂಟೆ ಸಾಲದು. ಒಂದು ಪೂರ್ತಿ ದಿನ ಬಿಡುವು ಮಾಡಿಕೊಂಡು ಬರಬೇಕು.

ಯಾವಾಗ ಹೊರಡಬೇಕು, ಏನು ಒಯ್ಯಬೇಕು

ಜೂನ್‌ನಿಂದ ಆಗಸ್ಟ್‌ವರೆಗೆ ಬೇಡ. ಕಾಲೇಜು ಶುರುವಾಗುವ ಆ ಕಾಲದಲ್ಲಿ ಅಂಗಡಿಯವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ, ವಿದ್ಯಾರ್ಥಿಗಳ ನಡುವೆ ನಿಮಗೆ ನಿಲ್ಲಲೂ ಜಾಗ ಇರುವುದಿಲ್ಲ. ದಸರಾ ಕಳೆದ ಮೇಲಿಂದ ಫೆಬ್ರವರಿವರೆಗೆ ವ್ಯಾಪಾರ ತಣ್ಣಗಿರುತ್ತದೆ, ಹವೆಯೂ ಹಿತ. ವಾರದ ನಡುವಿನ ದಿನ ಹೋದರೆ ಇನ್ನೂ ಒಳ್ಳೆಯದು. ಭಾನುವಾರವೇ ಹೋಗಬೇಕೆಂದಿದ್ದರೆ ಬಾಗಿಲು ತೆಗೆಯುತ್ತಾರೋ ಇಲ್ಲವೋ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ಅಮಾವಾಸ್ಯೆ ದಿನ ಪೂಜೆ ಮುಗಿಸಿ ತಡವಾಗಿ ತೆರೆಯುವ ಅಂಗಡಿಗಳೂ ಇವೆ.

ಚಿತ್ರದುರ್ಗದಿಂದ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಬಸ್ಸು ಬೇಕಾದಷ್ಟಿವೆ, ಒಂದೂವರೆ ಗಂಟೆ ಹಿಡಿಯಿರಿ. ಬೆಂಗಳೂರು ಅಥವಾ ಹುಬ್ಬಳ್ಳಿ ಕಡೆಯವರಿಗೆ ರೈಲು ಅನುಕೂಲ, ನಿಲ್ದಾಣ ಊರಿನ ಮಧ್ಯದಲ್ಲೇ ಇದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇಳಿದರೆ ಬೆಣ್ಣೆ ದೋಸೆಗೆ ಸಮಯ ಸರಿಯಾಗುತ್ತದೆ, ಅಂಗಡಿಗಳು ಬಾಗಿಲು ತೆಗೆಯುವುದು ಆಮೇಲೆಯೇ. ಒಂದು ಮಾತು: ದೋಸೆ ತಿಂದ ಕೈಯನ್ನು ಬರೀ ನೀರಲ್ಲಿ ತೊಳೆದರೆ ಬೆಣ್ಣೆ ಹೋಗುವುದಿಲ್ಲ. ಸೋಪು ಹಾಕಿ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಹಳೆ ಕಾಗದ ಎಣ್ಣೆಯನ್ನು ಹೀರಿಕೊಂಡರೆ ಆ ಕಲೆ ತೆಗೆಯುವ ಉಪಾಯವೇ ಇಲ್ಲ. ಮಂಡಕ್ಕಿ-ಮಿರ್ಚಿ ಪುಸ್ತಕದ ಕೆಲಸವೆಲ್ಲ ಮುಗಿದ ಮೇಲೆ.

ಚೀಲದಲ್ಲಿ ಇರಬೇಕಾದದ್ದು ಕಡಿಮೆ. ಗಟ್ಟಿ ಬಟ್ಟೆಯ ಚೀಲ ಎರಡು, ಧೂಳು ಒರೆಸಲು ಹಳೆಯ ಹತ್ತಿ ಬಟ್ಟೆ, ಮಾಸ್ಕ್, ಮೂಲೆಯಲ್ಲಿ ಬೆಳಕು ಹಾಯಿಸಲು ಟಾರ್ಚು ಅಥವಾ ಮೊಬೈಲು, ಸೀಸದ ಕಡ್ಡಿ. ಮಳೆಗಾಲವಾದರೆ ದಪ್ಪ ಪ್ಲಾಸ್ಟಿಕ್ ಕವರು. ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯ ಒಂದು ಪಟ್ಟಿ. ನಿಮ್ಮ ಹತ್ತಿರ ಯಾವ ಸಂಪುಟ ಇದೆ, ಯಾವುದು ಇಲ್ಲ, ಯಾವ ಮಾಸಿಕದ ಯಾವ ತಿಂಗಳು ಬೇಕು ಎಂಬುದನ್ನು ಬರೆದುಕೊಂಡು ಹೋಗಿ. ಪಟ್ಟಿ ಇಲ್ಲದೆ ಹೋದವರು ಮನೆಯಲ್ಲಿ ಇರುವ ಎರಡನೇ ಭಾಗವನ್ನೇ ಮತ್ತೆ ಕೊಂಡು ತರುತ್ತಾರೆ.

ಭಾರದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಡೆಮಿ 1/8 ಅಳತೆಯ (ಸಾಮಾನ್ಯ ಕಾದಂಬರಿಯ ಅಳತೆ), 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದದ, 200 ಪುಟಗಳ ಒಂದು ಪುಸ್ತಕ ಸುಮಾರು 230ರಿಂದ 250 ಗ್ರಾಂ ತೂಗುತ್ತದೆ. ಹದಿನೈದು ಕೊಂಡರೆ ಮೂರೂವರೆ ಕಿಲೋ ಮೀರಿತು. ರಟ್ಟಿನ ಬೈಂಡಿನವು ಇದ್ದರೆ ಇನ್ನೂ ಹೆಚ್ಚು. ಎರಡು ಚೀಲಕ್ಕೆ ಸಮನಾಗಿ ಹಂಚಿ, ಪುಸ್ತಕವನ್ನು ಅಡ್ಡಡ್ಡ ಮಲಗಿಸಿ ತುಂಬಿ. ನಿಲ್ಲಿಸಿ ತುಂಬಿದರೆ ಬಸ್ಸಿನ ಕುಲುಕಾಟಕ್ಕೆ ಮೂಲೆಗಳು ಜಜ್ಜಿಹೋಗುತ್ತವೆ.

ಅಂಗಡಿಯೊಳಗೆ

ಒಳಗೆ ಹೋದ ಕೂಡಲೇ ಗುಡ್ಡೆಗೆ ಕೈ ಹಾಕಬೇಡಿ. ಮೊದಲು ಕೇಳಿ: "ಅಣ್ಣಾ, ಕನ್ನಡ ಕಾದಂಬರಿ, ಹಳೆ ಮಾಸಿಕ ಎಲ್ಲಿಟ್ಟೀರಿ?" ಇಷ್ಟು ಕೇಳಿದರೆ ಸಾಕು, "ಮ್ಯಾಲೆ ಅಟ್ಟದಾಗೆ ಅದಾವೆ ನೋಡ್ರಿ, ಧೂಳು ಐತಿ" ಎಂದು ಅವರೇ ದಾರಿ ತೋರಿಸುತ್ತಾರೆ. ಧೂಳಾದರೂ ಪರವಾಗಿಲ್ಲ, ನಾನೇ ಇಳಿಸಿ ನೋಡಿ ಹಾಗೇ ಜೋಡಿಸಿಡುತ್ತೇನೆ ಎನ್ನಿ. ಆ ಮಾತನ್ನು ಉಳಿಸಿಕೊಳ್ಳಿ. ಹಾಗೆ ಮಾಡಿದವರಿಗೆ ಮುಂದಿನ ಸಲ ಬಿಚ್ಚದ ಮೂಟೆಯನ್ನೇ ಮುಂದಿಡುತ್ತಾರೆ.

ಬೆಳಗಿನ ಮೊದಲ ಗಿರಾಕಿ ನೀವೇ ಆಗಿದ್ದರೆ ಬೋಣಿಯ ವಿಷಯ ಮನಸ್ಸಿನಲ್ಲಿರಲಿ. ಆ ಹೊತ್ತಿನಲ್ಲಿ ಬಿಗಿಯಾಗಿ ಚೌಕಾಶಿ ಮಾಡಬೇಡಿ, ಬರಿಗೈಲಿ ಎದ್ದು ಹೋಗಬೇಡಿ. ಇಪ್ಪತ್ತು ರೂಪಾಯಿಯದಾದರೂ ಸರಿ, ಒಂದನ್ನು ಮೊದಲೇ ಕೊಂಡು ದುಡ್ಡು ಕೊಟ್ಟುಬಿಡಿ. ಆಮೇಲೆ ಎರಡು ಗಂಟೆ ಕೂತು ನೋಡಿದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಗುಡ್ಡೆಯಿಂದ ಪುಸ್ತಕ ತೆಗೆಯುವಾಗ ನಡುವಿನದನ್ನು ಎಳೆಯಬಾರದು. ಮೇಲಿನ ಭಾರಕ್ಕೆ ಕೆಳಗಿನ ಪುಸ್ತಕದ ಮುಖಪುಟ ಹರಿಯುತ್ತದೆ, ಗುಡ್ಡೆಯೂ ಕುಸಿಯುತ್ತದೆ. ಮೇಲಿನವನ್ನು ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು, ಬೇಕಾದದ್ದನ್ನು ತೆಗೆದು, ಮತ್ತೆ ಅದೇ ಕ್ರಮದಲ್ಲಿ ಪೇರಿಸಿ. ಕಪಾಟಿನಿಂದ ತೆಗೆಯುವಾಗ ಬೆನ್ನಿನ ತುದಿಗೆ ಬೆರಳು ಹಾಕಿ ಜಗ್ಗಬೇಡಿ. ಅಕ್ಕಪಕ್ಕದ ಎರಡನ್ನು ಸ್ವಲ್ಪ ಒಳಗೆ ತಳ್ಳಿ, ಬೇಕಾದದ್ದರ ಬೆನ್ನಿನ ನಡುವನ್ನು ಎರಡೂ ಕಡೆಯಿಂದ ಹಿಡಿದು ತೆಗೆಯಿರಿ.

ಇನ್ನೊಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ಈ ಮೂಟೆ ಯಾವ ಕಡೆಯಿಂದ ಬಂತು? ದಾವಣಗೆರೆ, ಜಗಳೂರು, ಚಳ್ಳಕೆರೆ ಕಡೆಯ ಮನೆಗಳದ್ದಾದರೆ ಕಾಗದ ಒಣಗಿ ಗರಿಗರಿಯಾಗಿರುತ್ತದೆ, ಧೂಳು ಹೆಚ್ಚು, ಬೂಷ್ಟು ಕಡಿಮೆ. ಶಿವಮೊಗ್ಗ ದಾಟಿದ ಮಲೆನಾಡಿನದ್ದಾದರೆ ಕಾಗದ ಮೆತ್ತಗಿರುತ್ತದೆ, ಆದರೆ ತೇವದ ವಾಸನೆ, ಬೂಷ್ಟಿನ ಚುಕ್ಕೆ ಇರುವ ಸಂಭವ ಹೆಚ್ಚು. ಎಲ್ಲಿಂದ ಬಂತು ಎಂದು ಗೊತ್ತಾದರೆ ಏನನ್ನು ಮೊದಲು ನೋಡಬೇಕು ಎಂದೂ ಗೊತ್ತಾಗುತ್ತದೆ.

ಪುಸ್ತಕ ಕೈಗೆ ಬಂದ ಮೇಲೆ

ಮುಖಪುಟ ನೋಡಿ ಮರುಳಾಗುವುದಕ್ಕಿಂತ ಮುಂಚೆ ಫಾರಂ (ಮಡಿಚಿ ಹೊಲಿದ ಪುಟಗಳ ಕಟ್ಟು) ಎಣಿಸಿ. ಹಳೆ ಕನ್ನಡ ಪುಸ್ತಕದಲ್ಲಿ ಅತಿ ಹೆಚ್ಚು ಕಾಣುವ, ಮನೆಗೆ ಬಂದ ಮೇಲೆ ಅತಿ ಹೆಚ್ಚು ನೋಯಿಸುವ ದೋಷ ಎಂದರೆ ಫಾರಂ ಬಿಟ್ಟುಹೋಗಿರುವುದು. ಡೆಮಿ 1/8 ಪುಸ್ತಕವನ್ನು ಸಾಮಾನ್ಯವಾಗಿ 16 ಪುಟಗಳ ಫಾರಂಗಳಾಗಿ ಅಚ್ಚು ಹಾಕಿ, ಮಡಿಚಿ, ಒಂದರ ಮೇಲೊಂದಿಟ್ಟು ಹೊಲಿಯುತ್ತಾರೆ. ಕೆಲವು 8 ಪುಟದ ಫಾರಂಗಳೂ ಉಂಟು. ಹಾಗಾಗಿ ಹೊಸ ಫಾರಂ ಶುರುವಾಗುವುದು 1, 17, 33, 49, 65, 81, 97, 113 ಹೀಗೆ. ಅಚ್ಚಿನ ಮೊಳೆ (ಲೋಹದ ಅಕ್ಷರ) ಜೋಡಿಸಿ ಅಚ್ಚು ಹಾಕಿದ ಕಾಲದ ಪುಸ್ತಕಗಳಲ್ಲಿ ಈ ಪುಟಗಳ ಅಡಿಯಲ್ಲಿ ಪುಟ್ಟದಾಗಿ 2, 3, 4 ಎಂಬ ಅಂಕಿ ಇರುವುದುಂಟು. ಅದು ಫಾರಂ ಸಂಖ್ಯೆ, ಬೈಂಡರಿಗೆ ಗುರುತು.

ಈಗ ಪುಸ್ತಕವನ್ನು ಪೂರ್ತಿ ತಿರುವುವ ಅಗತ್ಯ ಇಲ್ಲ. ಈ ಗಡಿಗಳಲ್ಲಿ ಮಾತ್ರ ನೋಡಿ: 16 ಆದ ಮೇಲೆ 17 ಇದೆಯೇ, 32 ಆದ ಮೇಲೆ 33 ಇದೆಯೇ. ಒಂದು ಫಾರಂ ಬಿಟ್ಟುಹೋಗಿದ್ದರೆ 96ರ ನಂತರ ನೇರ 113 ಬರುತ್ತದೆ. ಬೈಂಡರು ಒಂದನ್ನು ಎರಡು ಸಲ ಸೇರಿಸಿದ್ದರೆ 81ರಿಂದ 96 ಎರಡು ಬಾರಿ ಬಂದಿರುತ್ತದೆ, ಆಗ ಅದರ ಅಕ್ಕಪಕ್ಕದ ಫಾರಂ ಮಾಯವಾಗಿದೆಯೋ ನೋಡಿ. ಹಾಳೆಯ ಒಂದು ಬದಿ ಅಚ್ಚಾಗದೆ ಹೋಗಿದ್ದರೆ 16ರಲ್ಲಿ 8 ಪುಟ ಖಾಲಿ ಇರುತ್ತವೆ. 240 ಪುಟದ ಪುಸ್ತಕಕ್ಕೆ ಗಡಿಗಳು ಹದಿನಾಲ್ಕೇ, ಒಂದು ನಿಮಿಷದ ಕೆಲಸ. ಮುನ್ನುಡಿಯ ಪುಟಗಳಿಗೆ ರೋಮನ್ ಅಂಕಿಯಲ್ಲಿ ಬೇರೆ ಎಣಿಕೆ ಇದ್ದರೆ ಗಾಬರಿಯಾಗಬೇಡಿ. ಕೊನೆಗೆ ಪ್ರಕಾಶಕರ ವಿವರ ಇರುವ ಒಳಪುಟದಲ್ಲಿ ಅಚ್ಚಾದ ಒಟ್ಟು ಪುಟಗಳ ಸಂಖ್ಯೆಗೂ ಕೊನೆಯ ಪುಟಕ್ಕೂ ತಾಳೆ ನೋಡಿ. ಕಾದಂಬರಿಯಲ್ಲಿ ಕಳೆದುಹೋಗುವುದು ಯಾವಾಗಲೂ ಕೊನೆಯ ಹಾಳೆ.

ಆಮೇಲೆ ಹೊಲಿಗೆ. ಫಾರಂ ನಡುವೆ, ಅಂದರೆ 8-9, 24-25ನೇ ಪುಟಗಳ ನಡುವಿನ ಮಡಿಕೆಯಲ್ಲಿ ದಾರ ಕಂಡರೆ ಅದು ಹೊಲಿದ ಪುಸ್ತಕ, ಸಡಿಲವಾಗಿದ್ದರೂ ಮತ್ತೆ ಬೈಂಡ್ ಮಾಡಿಸಬಹುದು. ದಾರ ಇಲ್ಲದೆ ಬರೀ ಅಂಟಿನಲ್ಲಿ ನಿಂತಿದ್ದರೆ ಹುಷಾರು. ಆ ಅಂಟು ವರ್ಷ ಕಳೆದಂತೆ ಒಣಗಿ ಗಾಜಿನಂತಾಗುತ್ತದೆ, ಅಗಲ ಬಿಚ್ಚಿದ ಕೂಡಲೇ ಬೆನ್ನು ಚಟ್ಟೆಂದು ಬಿರಿದು ಹಾಳೆಗಳು ಕಳಚಿ ಬರುತ್ತವೆ. ಅಂಥದ್ದನ್ನು ಅರ್ಧಕ್ಕಿಂತ ಹೆಚ್ಚು ತೆರೆಯಬೇಡಿ. ತೆಳು ಪುಸ್ತಕಗಳಿಗೆ ಪಿನ್ನು ಹೊಡೆದಿರುತ್ತಾರೆ. ಪಿನ್ನಿನ ಸುತ್ತ ತುಕ್ಕಿನ ಕಂದು ಬಣ್ಣ ಹರಡಿದ್ದರೆ ಆ ಜಾಗದ ಕಾಗದ ಸತ್ತಿದೆ ಎಂದೇ ಅರ್ಥ.

ಹುಳುವಿನ ಗುರುತು ಓದಲು ಬಂದರೆ ಅರ್ಧ ನಷ್ಟ ತಪ್ಪುತ್ತದೆ. ಸೂಜಿಯಲ್ಲಿ ಚುಚ್ಚಿದಂಥ ದುಂಡು ತೂತು ಹತ್ತಾರು ಪುಟ ದಾಟಿ ಹೋಗಿದ್ದರೆ ಅದು ಪುಸ್ತಕ ಕೊರೆಯುವ ಹುಳು. ತೂತು ಹಳೆಯದಾಗಿದ್ದರೆ ತೊಂದರೆ ಇಲ್ಲ. ಬಿಳಿ ಕಾಗದದ ಮೇಲೆ ಪುಸ್ತಕವನ್ನು ಮೆಲ್ಲಗೆ ತಟ್ಟಿ. ನುಣ್ಣನೆಯ ಪುಡಿ ಉದುರಿದರೆ ಹುಳು ಇನ್ನೂ ಒಳಗೇ ಇರಬಹುದು, ಬಿಟ್ಟುಬಿಡಿ. ಪುಟದ ಮೇಲ್ಪದರ ಮಾತ್ರ ಅಂಕುಡೊಂಕಾಗಿ ಕೆರೆದು ತೆಳುವಾಗಿದ್ದರೆ ಅದು ಬೆಳ್ಳಿಮೀನು ಹುಳುವಿನ ಕೆಲಸ. ಅದಕ್ಕೆ ಅಂಟು, ಗಂಜಿ ಎಂದರೆ ಇಷ್ಟ, ಹಾಗಾಗಿ ಬೆನ್ನು ಮತ್ತು ಚೀಟಿ ಅಂಟಿಸಿದ ಜಾಗ ನೋಡಿ. ಅಂಚಿನಿಂದ ಒಳಕ್ಕೆ ದಾರಿ ಕೊರೆದು ಮಣ್ಣು ಮೆತ್ತಿದ್ದರೆ ಗೆದ್ದಲು. ಗೆದ್ದಲು ಹತ್ತಿದ ಪುಸ್ತಕ ಎಷ್ಟೇ ಅಪರೂಪದ್ದಾದರೂ ಬೇರೆ ಪುಸ್ತಕದ ಜೊತೆ ಒಂದೇ ಚೀಲಕ್ಕೆ ಹಾಕಬಾರದು.

ಕಾಗದ ಕಂದಾಗಿರುವುದು ಬೇರೆ, ಮುರಿಯುವ ಸ್ಥಿತಿಗೆ ಬಂದಿರುವುದು ಬೇರೆ. ಅಗ್ಗದ ನ್ಯೂಸ್‌ಪ್ರಿಂಟ್ ಕಾಗದವನ್ನು ಮರದ ತಿರುಳಿನಿಂದಲೇ ಮಾಡಿರುತ್ತಾರೆ. ಅದರಲ್ಲಿ ಉಳಿದ ಲಿಗ್ನಿನ್ ಮತ್ತು ಆಮ್ಲ ಗಾಳಿ-ಬೆಳಕಿಗೆ ಕಾಗದವನ್ನು ಒಳಗಿಂದಲೇ ತಿನ್ನುತ್ತವೆ. ಮೂಲೆಯನ್ನು ಮಡಿಚಿ ಪರೀಕ್ಷೆ ಮಾಡಬೇಡಿ, ಮುರಿದೇಹೋಗುತ್ತದೆ. ಹಾಳೆಯ ಮೂಲೆಯನ್ನು ಬೆರಳ ಮೇಲೆ ಸುಮ್ಮನೆ ಬಾಗಿಸಿ. ಬಾಗಿ ಮತ್ತೆ ನೆಟ್ಟಗಾದರೆ ಓದಲು ಅಡ್ಡಿಯಿಲ್ಲ. ಬಾಗಲು ಒಪ್ಪದೆ ಸಣ್ಣಗೆ ಸದ್ದು ಮಾಡಿದರೆ ಒಂದು ಸಲ ಓದುವಷ್ಟರಲ್ಲಿ ಪುಡಿಯಾಗುತ್ತದೆ.

ಬಾಡಿಗೆ ಲೈಬ್ರರಿಯಿಂದ ಬಂದ ಕಾದಂಬರಿಗಳನ್ನು ದೂರದಿಂದಲೇ ಗುರುತಿಸಬಹುದು: ದಪ್ಪ ರಟ್ಟು, ಬೆನ್ನ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ, ಬದಿಯಿಂದ ಚುಚ್ಚಿ ಎಳೆದ ಬಿಗಿ ಹೊಲಿಗೆ. ಓದಲು ತೊಂದರೆ ಇಲ್ಲ, ಆದರೆ ಅಂಚು ಕತ್ತರಿಸಿ ಅಕ್ಷರದ ತನಕ ಬಂದಿರುತ್ತದೆ, ಮೂಲ ಮುಖಪುಟ ಹೋಗಿರುತ್ತದೆ. ಕಡಿಮೆ ದುಡ್ಡಿಗೆ ಸಿಕ್ಕರೆ ಮಾತ್ರ ತಗೊಳ್ಳಿ. ಸರ್ಕಾರಿ ಅಥವಾ ಕಾಲೇಜು ಗ್ರಂಥಾಲಯದ ಮೊಹರು ಇದ್ದರೆ ಅದರ ಜೊತೆಗೇ ರದ್ದುಪಡಿಸಿದ ಮೊಹರೂ ಇದೆಯೇ ನೋಡಿ. ಇಲ್ಲದಿದ್ದರೆ ಆ ಪುಸ್ತಕ ಇರಬೇಕಾದ ಜಾಗ ಆ ಗ್ರಂಥಾಲಯವೇ. ಕೊಳ್ಳಬೇಡಿ.

ವರ್ಷ ಹಾಕದ ಪುಸ್ತಕದ ವಯಸ್ಸು ಹಿಡಿಯುವುದು

ಒಳಪುಟದಲ್ಲಿ ಮೊದಲ ಮುದ್ರಣ, ಪ್ರತಿಗಳ ಸಂಖ್ಯೆ, ಕಾಗದ, ಮುದ್ರಕರ ಹೆಸರು ಎಲ್ಲ ಇದ್ದರೆ ಸರಿ. ಎಷ್ಟೋ ಹಳೆ ಪುಸ್ತಕಗಳಲ್ಲಿ ವರ್ಷವೇ ಇರುವುದಿಲ್ಲ, ಇಲ್ಲವೇ ಆ ಹಾಳೆಯೇ ಹರಿದಿರುತ್ತದೆ. ಆಗ ಬೆಲೆ, ವಿಳಾಸಗಳೇ ಸಾಕ್ಷಿ.

ಬೆಲೆ 2-8-0 ಎಂದು ಇದ್ದರೆ ಎರಡು ರೂಪಾಯಿ ಎಂಟಾಣೆ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು, ಹಾಗಾಗಿ ಪುಸ್ತಕ ಅದಕ್ಕಿಂತ ಹಿಂದಿನದು, ಅಥವಾ ಹೆಚ್ಚೆಂದರೆ ಅದರ ಆಸುಪಾಸಿನದು. ನಯಾ ಪೈಸೆ ಎಂದಿದ್ದರೆ 1957ರಿಂದ 1964ರ ನಡುವಿನದು ಎನ್ನಬಹುದು, 1964ರ ಜೂನ್‌ನಲ್ಲಿ 'ನಯಾ' ಬಿಟ್ಟು ಬರೀ ಪೈಸೆ ಆಯಿತು. ಪ್ರಕಾಶಕರ ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಬರೀ 'ಬೆಂಗಳೂರು-4' ಎಂದಿದ್ದರೆ ಅದೊಂದರ ಮೇಲೆ ತೀರ್ಮಾನಕ್ಕೆ ಬರಬೇಡಿ, ಪಿನ್‌ಕೋಡ್ ಬಂದ ಮೇಲೂ ಬಹಳ ಕಾಲ ಹಾಗೆ ಬರೆಯುತ್ತಿದ್ದರು. 'ಮೈಸೂರು ರಾಜ್ಯ' ಎಂದು ಅಚ್ಚಾಗಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಭಾರತದಲ್ಲಿ ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆ ಕೊಡಲು ಶುರುವಾದದ್ದು 1985ರಲ್ಲಿ. ಅದು 13 ಅಂಕಿಯದಾದರೆ 2007ರ ಈಚಿನದು. ರೂಪಾಯಿಯ ಹೊಸ ಚಿಹ್ನೆ ₹ ಇದ್ದರೆ 2010ರ ಜುಲೈ ನಂತರದ್ದು. ಮೇಲೆ ಅಂಟಿಸಿದ ಬೆಲೆಚೀಟಿಯನ್ನು ಲೆಕ್ಕಕ್ಕೆ ತಗೊಳ್ಳಬೇಡಿ, ಅದನ್ನು ಯಾವಾಗ ಬೇಕಾದರೂ ಅಂಟಿಸಿರಬಹುದು.

ಈ ಸೀಮೆಗೇ ಸೇರಿದ ಒಂದು ಗುರುತೂ ಇದೆ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಎಂಬ ವಿಳಾಸ ಇರುವ ಪುಸ್ತಕ, ಕರಪತ್ರ, ನಾಟಕದ ಪುಸ್ತಿಕೆ ಎಲ್ಲವೂ ಅದಕ್ಕಿಂತ ಹಿಂದಿನವು.

ಅಚ್ಚಿನ ಬಗೆಯನ್ನು ಬೆರಳೇ ಹೇಳುತ್ತದೆ. ಪುಟದ ಹಿಂಬದಿಯನ್ನು ಬೆರಳ ತುದಿಯಿಂದ ಸವರಿ. ಅಕ್ಷರಗಳು ಸಣ್ಣಗೆ ಉಬ್ಬಿ ಕೈಗೆ ತಗುಲಿದರೆ ಅದು ಮೊಳೆ ಜೋಡಿಸಿ ಒತ್ತಿದ ಅಚ್ಚು. ನುಣ್ಣಗಿದ್ದರೆ ಆಮೇಲೆ ಬಂದ ಆಫ್‌ಸೆಟ್. ಹಳೆಯ ಕಾಲದ ವರ್ಷ ಹಾಕಿದ್ದೂ ಹಿಂಬದಿ ನುಣ್ಣಗಿದ್ದರೆ ಅದು ಮರುಮುದ್ರಣವೋ ಎಂದು ಇನ್ನೊಮ್ಮೆ ನೋಡಬೇಕು.

ಪ್ರಶಸ್ತಿಯ ಸಾಲು ಕೂಡ ಸುಳಿವು. ತ.ರಾ.ಸು. ಅವರ 'ದುರ್ಗಾಸ್ತಮಾನ' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರು ತೀರಿಕೊಂಡ ಮರುವರ್ಷ. ಮುಖಪುಟದ ಮೇಲೆ ಆ ಪ್ರಶಸ್ತಿಯ ಮಾತು ಅಚ್ಚಾಗಿದ್ದರೆ ಅದು ಮೊದಲ ಮುದ್ರಣವಾಗಲು ಸಾಧ್ಯವೇ ಇಲ್ಲ, ಅಂಗಡಿಯವರು ಏನೇ ಹೇಳಲಿ.

ಇಲ್ಲಿ ಏನನ್ನು ಹುಡುಕಬೇಕು

ಎಲ್ಲ ಊರಲ್ಲೂ ಸಿಗುವ ಇಂಗ್ಲಿಷ್ ಥ್ರಿಲ್ಲರ್‌ಗಳಿಗಾಗಿ ಇಷ್ಟು ದೂರ ಬರಬೇಕಿಲ್ಲ. ಈ ಸೀಮೆಯ ಮನೆಗಳ ಕಪಾಟಿನಲ್ಲಿ ಇದ್ದದ್ದು ಈ ಸೀಮೆಯ ಅಂಗಡಿಯಲ್ಲೇ ಸಿಗಬೇಕು.

ಮೊದಲನೆಯದು ದುರ್ಗದ ಇತಿಹಾಸ. ತ.ರಾ.ಸು. ಕಾದಂಬರಿಗಳು ಇಲ್ಲಿ ಬಿಡಿ ಬಿಡಿಯಾಗಿ ಸಿಗುತ್ತವೆ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೂರೂ ಸೇರಿ ಒಂದು ಕಥೆ. ನಡುವಿನದೊಂದು ಸಿಕ್ಕಿತೆಂದು ಓದಲು ಕೂತರೆ ತಲೆಬುಡ ಗೊತ್ತಾಗುವುದಿಲ್ಲ, ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಮೂರನ್ನೂ ಕೂಡಿಸಿ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟ ಚಿತ್ರದುರ್ಗ ಜಿಲ್ಲೆಯ ಶಾಸನಗಳದ್ದು. ಹಳೆಯ ಪ್ರತಿ ಕಂಡರೆ ಸ್ಥಿತಿ ಹೇಗೇ ಇದ್ದರೂ ಕೈಬಿಡಬೇಡಿ. ಜಿಲ್ಲೆಯ ವಿವರ ಕೊಡುವ ಸರ್ಕಾರಿ ಗ್ರಂಥಗಳಾದ ಹಳೆಯ ಜಿಲ್ಲಾ ಗ್ಯಾಸೆಟಿಯರ್‌ಗಳನ್ನು ಹುಡುಕುವಾಗ ಗಡಿ ನೆನಪಿರಲಿ: ದಾವಣಗೆರೆ, ಹರಿಹರ, ಜಗಳೂರಿನ ವಿಷಯ ಚಿತ್ರದುರ್ಗದ ಸಂಪುಟದಲ್ಲಿ, ಹೊನ್ನಾಳಿ-ಚನ್ನಗಿರಿಯದು ಶಿವಮೊಗ್ಗದ್ದರಲ್ಲಿ, ಹರಪನಹಳ್ಳಿಯದು ಬಳ್ಳಾರಿಯದ್ದರಲ್ಲಿ.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗಳನ್ನು ಅಂಗಡಿಯವರೂ ಅಷ್ಟಾಗಿ ಲೆಕ್ಕಿಸುವುದಿಲ್ಲ, ಗಿರಾಕಿಗಳೂ ತಿರುಗಿ ನೋಡುವುದಿಲ್ಲ. ಆದರೆ ಊರಿನ ಬರಹಗಾರರು ಊರಿನ ಬಗ್ಗೆ ಬರೆದ ಲೇಖನಗಳು, ಹಳೆಯ ಫೋಟೋಗಳು, ಆ ಕಾಲದ ಅಂಗಡಿ-ಮಿಲ್ಲುಗಳ ಜಾಹೀರಾತುಗಳು ಇಂಥವುಗಳಲ್ಲಲ್ಲದೆ ಬೇರೆಲ್ಲೂ ಉಳಿದಿರುವುದಿಲ್ಲ. ದಾವಣಗೆರೆಯಲ್ಲಿ 1992ರಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ, ಚಿತ್ರದುರ್ಗದಲ್ಲಿ 2009ರಲ್ಲಿ ಎಲ್. ಬಸವರಾಜು ಅವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಸಮ್ಮೇಳನ ನಡೆದಿದೆ. ಆ ವರ್ಷಗಳ ಏನೇ ಕಂಡರೂ ತೆಗೆದು ನೋಡಿ. ಸಿರಿಗೆರೆಯ ಮಠ, ಚಿತ್ರದುರ್ಗದ ಮುರುಘಾ ಮಠಗಳ ಪ್ರಕಟಣೆಗಳೂ ಈ ಕಡೆ ಹೆಚ್ಚು ಸಿಗುತ್ತವೆ, ವಚನ ಸಾಹಿತ್ಯ ಓದುವವರು ಆ ಗುಡ್ಡೆಯನ್ನು ಬಿಡಬಾರದು. ಜಾತ್ರೆಗಳಲ್ಲಿ ಆಡುವ ನಾಟಕಗಳ ತೆಳು ಪುಸ್ತಿಕೆಗಳು ಪಠ್ಯಪುಸ್ತಕಗಳ ನಡುವೆ ಸಿಕ್ಕಿಕೊಂಡಿರುತ್ತವೆ, ಬೆನ್ನು ಇಲ್ಲದ್ದರಿಂದ ಕಾಣಿಸುವುದಿಲ್ಲ. ಬೆರಳು ಹಾಕಿಯೇ ಹುಡುಕಬೇಕು.

ಇನ್ನು ಕತ್ತರಿಸಿ ಬೈಂಡ್ ಮಾಡಿದ ಧಾರಾವಾಹಿಗಳು. ಇವುಗಳ ಮೇಲೆ ಪ್ರೀತಿ ಸ್ವಲ್ಪ ಹೆಚ್ಚೇ ಇದೆ. 1965ರಲ್ಲಿ ಶುರುವಾದ ಸುಧಾ ಮತ್ತು ಅಂಥ ವಾರಪತ್ರಿಕೆಗಳಲ್ಲಿ ಕಾದಂಬರಿ ಬರುತ್ತಿದ್ದಾಗ ಮನೆಯವರು ವಾರವಾರವೂ ಆ ಪುಟಗಳನ್ನು ಕತ್ತರಿಸಿಟ್ಟು, ಕಥೆ ಮುಗಿದ ಮೇಲೆ ದಾರ ಹಾಕಿಯೋ ಬೈಂಡರ ಹತ್ತಿರ ಕೊಟ್ಟೋ ಪುಸ್ತಕ ಮಾಡಿಸುತ್ತಿದ್ದರು. ರಟ್ಟಿನ ಮೇಲೆ ಕೈಬರಹದಲ್ಲಿ ಹೆಸರು, ಒಳಗೆ ಪ್ರತಿ ಕಂತಿಗೂ ಕಲಾವಿದರು ಬರೆದ ಚಿತ್ರ. ಪುಸ್ತಕವಾಗಿ ಅಚ್ಚಾದಾಗ ಈ ಚಿತ್ರಗಳು ಬಿಟ್ಟುಹೋಗುವುದೇ ಹೆಚ್ಚು, ಕೆಲವೊಮ್ಮೆ ಅಧ್ಯಾಯಗಳೂ ಬದಲಾಗಿರುತ್ತವೆ. ನೋಡುವ ಕ್ರಮ ಹೀಗೆ. ಪುಟಸಂಖ್ಯೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅದು ಪತ್ರಿಕೆಯ ಸಂಖ್ಯೆ. ಪ್ರತಿ ಕಂತಿನ ತಲೆಯಲ್ಲಿರುವ ಕಂತಿನ ಅಂಕಿ ಅಥವಾ 'ಇಲ್ಲಿಯವರೆಗೆ' ಎಂಬ ಸಾರಾಂಶವನ್ನು ಹಿಂದಿನ ಕಂತಿನ ಕೊನೆಗೆ ಹೊಂದಿಸಿ ನೋಡಿ. ಕೊನೆಯಲ್ಲಿ 'ಮುಂದುವರಿಯುವುದು' ಬದಲು 'ಮುಗಿಯಿತು' ಇರಲೇಬೇಕು. ನಡುವೆ ಒಂದು ಕಂತು ಇಲ್ಲದಿದ್ದರೆ ಓದಬಹುದು, ಕೊನೆಯ ಕಂತು ಇಲ್ಲದಿದ್ದರೆ ಬೇಡ. ಬಿಡಿ ಮಾಸಿಕಗಳಲ್ಲಿ 1956ರಲ್ಲಿ ಶುರುವಾದ ಕಸ್ತೂರಿ, 1968ರಲ್ಲಿ ಶುರುವಾದ ಮಯೂರದ ಹಳೆ ಸಂಚಿಕೆಗಳು ಈ ಕಡೆ ವರ್ಷದ ಕಟ್ಟಾಗಿಯೇ ಬರುತ್ತವೆ. ಹನ್ನೆರಡನ್ನೂ ಎಣಿಸಿಕೊಂಡೇ ದುಡ್ಡು ಕೊಡಿ.

ಮನೆಯಲ್ಲಿ ಓದುವ ಮಕ್ಕಳಿದ್ದು ಪಠ್ಯಪುಸ್ತಕವೂ ಬೇಕಿದ್ದರೆ ಎರಡೇ ಎಚ್ಚರಿಕೆ. ಎಂಜಿನಿಯರಿಂಗ್‌ನದಾದರೆ ಯಾವ ಸ್ಕೀಮಿನದು (ಯಾವ ವರ್ಷದ ಪಠ್ಯಕ್ರಮದ್ದು) ಎಂದು ಕೇಳಿ, 2018ರ ಪುಸ್ತಕ 2022ರ ಸ್ಕೀಮಿನವರಿಗೆ ಪೂರ್ತಿ ಹೊಂದುವುದಿಲ್ಲ. ಕಾನೂನಿನದಾದರೆ 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಅಧಿನಿಯಮಗಳ ಜಾಗದಲ್ಲಿ ಹೊಸ ಕಾನೂನುಗಳು ಬಂದಿವೆ, ಹಳೆಯದನ್ನು ಪರೀಕ್ಷೆಗೆಂದು ಕೊಳ್ಳಬೇಡಿ.

ಬೆಲೆ

ಪಠ್ಯಪುಸ್ತಕಕ್ಕೆ ಮುದ್ರಿತ ಬೆಲೆಯ ಅರ್ಧ ಎನ್ನುವುದು ರೂಢಿಯ ಲೆಕ್ಕ. ಆ ಲೆಕ್ಕವನ್ನು ಹಳೆ ಸಾಹಿತ್ಯಕ್ಕೆ ಎಳೆಯಬೇಡಿ. ಆರು ರೂಪಾಯಿ ಎಂದು ಅಚ್ಚಾದ 1970ರ ಪುಸ್ತಕಕ್ಕೆ ಎಂಬತ್ತು ಕೇಳಿದರೆ ಅದು ಮೋಸವಲ್ಲ. ಅದನ್ನು ತಂದು, ಒರೆಸಿ, ವರ್ಷಗಟ್ಟಲೆ ಜಾಗ ಕೊಟ್ಟು ಇಟ್ಟವರ ಶ್ರಮಕ್ಕೂ ಬೆಲೆ ಇದೆ. ನೀವು ತೂಗಿ ನೋಡಬೇಕಾದದ್ದು ಬೇರೆ: ಇದೇ ಪುಸ್ತಕದ ಹೊಸ ಮುದ್ರಣ ಈಗ ಸಿಗುತ್ತದೆಯೇ? ಸಿಗುವುದಾದರೆ, ಓದಲು ಮಾತ್ರ ಬೇಕಾದ ಸವೆದ ಪ್ರತಿಗೆ ಹೊಸದರ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಡಬೇಕಿಲ್ಲ. ಸಿಗದಿದ್ದರೆ ನಿಮಗೆ ಅದು ಎಷ್ಟು ಬೇಕು ಎಂಬುದೇ ಬೆಲೆ.

ಒಂದೊಂದಕ್ಕೂ ಚೌಕಾಶಿ ಮಾಡುತ್ತ ಕೂರಬೇಡಿ. ಬೇಕಾದದ್ದನ್ನೆಲ್ಲ ಆರಿಸಿ ಒಂದು ಕಡೆ ಇಟ್ಟು, ಪ್ರತಿಯೊಂದರ ದೋಷ ಮೊದಲೇ ನೋಡಿಟ್ಟುಕೊಂಡು, ಒಟ್ಟಿಗೆ ಕೇಳಿ: "ಯಜಮಾನ್ರೇ, ಹನ್ನೆರಡು ಅದಾವೆ, ಎಲ್ಲ ಸೇರಿ ಏನು ಕೊಡ್ಲಿ ಹೇಳ್ರಿ." ಅವರು ಹೇಳಿದ ಮೇಲೆ, ಇದರಲ್ಲಿ ಒಂದು ಫಾರಂ ಇಲ್ಲ, ಇದರ ಬೆನ್ನು ಹೋಗಿದೆ ಎಂದು ತೋರಿಸಿದರೆ ನ್ಯಾಯವಾಗಿಯೇ ಇಳಿಸುತ್ತಾರೆ. ಅವರ ಎದುರಿಗೇ ಮೊಬೈಲಲ್ಲಿ ಆನ್‌ಲೈನ್ ಬೆಲೆ ತೋರಿಸಿ ವಾದಕ್ಕೆ ಇಳಿಯುವುದು ಸರಿಯಲ್ಲ. ಆನ್‌ಲೈನ್‌ನಲ್ಲಿ ಯಾರೋ ಬರೆದಿಟ್ಟ ಬೆಲೆಗೆ ಪುಸ್ತಕ ಮಾರಾಟವಾಗಿದೆ ಎಂಬ ಖಾತ್ರಿಯೂ ಇಲ್ಲ.

ಫುಟ್‌ಪಾತಿನಲ್ಲಿ ಹೊಳೆಯುವ ಮುಖಪುಟದ, ಒಳಗೆ ಮಸುಕು ಅಕ್ಷರದ, ಒಳಪು‌ಟದ ವಿವರವೇ ಇಲ್ಲದ, ಸಾಲುಗಳು ಸೊಟ್ಟಗಿರುವ ಪುಸ್ತಕ ಕಂಡರೆ ಅದು ಹಳೆ ಪುಸ್ತಕವಲ್ಲ, ನಕಲು. ಬರೆದವರಿಗೆ ಒಂದು ಪೈಸೆಯೂ ಹೋಗದ ಪುಸ್ತಕವನ್ನು ಮುಟ್ಟಬೇಡಿ.

ಮಧ್ಯಾಹ್ನ ಊಟ ಮಾಡಿ, ಬಿಸಿಲು ಇಳಿಯುವ ಹೊತ್ತಿಗೆ ಕುಂದವಾಡ ಕೆರೆಯ ಕಡೆ ಹೋಗಿ ನೆರಳಲ್ಲಿ ಕೂತು ಚೀಲ ಬಿಚ್ಚಿ. ಇದು ವಿಶ್ರಾಂತಿಯೂ ಹೌದು, ಎರಡನೇ ತಪಾಸಣೆಯೂ ಹೌದು. ಅಂಗಡಿಯ ಮಬ್ಬು ಬೆಳಕಿನಲ್ಲಿ ಕಾಣದ ಬೂಷ್ಟು, ಹರಿದು ಅಂಟಿಸಿದ ಹಾಳೆ, ಪೆನ್ನಿನಲ್ಲಿ ಗೀಚಿದ್ದು ಇಲ್ಲಿ ಕಾಣುತ್ತದೆ. ಫಾರಂ ಇಲ್ಲದ್ದು ಗೊತ್ತಾದರೆ ಅದೇ ದಿನ ಸಂಜೆ ವಾಪಸ್ ತೋರಿಸಿದರೆ ಬದಲಿಸಿಕೊಡುವವರಿದ್ದಾರೆ. ಬಸ್ಸು ಹತ್ತಿ ಊರು ಸೇರಿದ ಮೇಲೆ ಆ ಮಾತಿಲ್ಲ. ಹಿಂದಿನ ಒಡೆಯರ ಹೆಸರು, ವಿಳಾಸ, ಪುಸ್ತಕದೊಳಗೆ ಸಿಕ್ಕ ಕಾಗದ-ಪತ್ರ ಇದ್ದರೆ ಅದರ ಫೋಟೋ ತೆಗೆದು ಎಲ್ಲರಿಗೂ ಹಂಚಬೇಡಿ, ಅದು ಅವರ ಮನೆಯ ವಿಷಯ.

ದಾವಣಗೆರೆಯವರು ಎದುರು ದಿಕ್ಕಿಗೆ ಚಿತ್ರದುರ್ಗಕ್ಕೆ ಹೊರಟರೆ ಕ್ರಮ ತಿರುಗಿಸಿ: ಬೆಳಿಗ್ಗೆ ಕಲ್ಲು ಕಾಯುವ ಮೊದಲೇ ಕೋಟೆ, ಆಮೇಲೆ ಪೇಟೆಯಲ್ಲಿ ಪುಸ್ತಕ. ಚೀಲ ಹೊತ್ತು ಕೋಟೆ ಹತ್ತುವುದು ಆಗದ ಮಾತು.

ಮನೆಗೆ ಬಂದ ಮೇಲೆ

ಕೊಂಡ ಪುಸ್ತಕವನ್ನು ಅದೇ ದಿನ ಕಪಾಟಿಗೆ ಸೇರಿಸಬೇಡಿ. ಹೊರಗೆ ನಿಂತು, ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಷ್‌ನಿಂದ ಬೆನ್ನಿನಿಂದ ಅಂಚಿನ ಕಡೆಗೆ ಧೂಳು ಗುಡಿಸಿ. ಪುಸ್ತಕ ಗಟ್ಟಿಯಾಗಿ ಮುಚ್ಚಿರಲಿ, ಇಲ್ಲದಿದ್ದರೆ ಧೂಳು ಒಳಕ್ಕೆ ಹೋಗುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. ಬಿಸಿಲಿಗೂ ಇಡಬೇಡಿ, ತೇವ ಇದ್ದರೆ ನೆರಳಲ್ಲಿ ಪುಟ ಬಿಡಿಸಿ ಫ್ಯಾನಿನ ಗಾಳಿಗೆ ಎರಡು ಮೂರು ದಿನ ನಿಲ್ಲಿಸಿ.

ಹುಳುವಿನ ಅನುಮಾನ ಇದ್ದರೆ ಫ್ರೀಜರ್ ಇದೆ. ಪೂರ್ತಿ ಒಣಗಿದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ ತೆಗೆದು, ಬಾಯಿ ಭದ್ರವಾಗಿ ಮುಚ್ಚಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಕಾಗದದ ಮೇಲೆ ನೀರಾಗಿ ಕೂರುತ್ತದೆ. ಆಮೇಲೂ ಒಂದು ತಿಂಗಳು ಬೇರೆ ಪುಸ್ತಕಗಳಿಂದ ದೂರ ಇಟ್ಟು, ಪುಡಿ ಬೀಳುತ್ತದೆಯೋ ನೋಡಿ.

ಹರಿದ ಪುಟಕ್ಕೆ ಸೆಲೋಟೇಪ್ ಹಚ್ಚಬೇಡಿ. ಕೆಲವು ವರ್ಷಕ್ಕೆ ಟೇಪು ಉದುರಿಹೋಗಿ, ಅದರ ಅಂಟು ಮಾತ್ರ ಹಳದಿ ಪಟ್ಟಿಯಾಗಿ ಅಕ್ಷರದ ಮೇಲೆ ಉಳಿಯುತ್ತದೆ. ತೆಳುವಾದ ಟಿಶ್ಯೂ ಕಾಗದದ ಸಣ್ಣ ಪಟ್ಟಿ, ನೀರಾಗಿ ಕಾಸಿದ ಮೈದಾ ಅಂಟು, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಟ್ಟರೆ ಸಾಕು.

ಬೈಂಡರ ಹತ್ತಿರ ಕೊಡುವಾಗ ನಾಲ್ಕು ಮಾತು ಬಾಯಿಬಿಟ್ಟು ಹೇಳಿ, ಬೇಕಾದರೆ ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಡಿ. ಅಂಚು ಕತ್ತರಿಸಬೇಡಿ. ಬದಿಯಿಂದ ಚುಚ್ಚಿ ಹೊಲಿಯಬೇಡಿ, ಫಾರಂ ನಡುವೆಯೇ ದಾರ ಹಾಕಿ. ಹಳೆ ಮುಖಪುಟವನ್ನು ಎಸೆಯದೆ ಹೊಸ ರಟ್ಟಿನ ಒಳಗೆ ಸೇರಿಸಿ. ಅಂಟಿಗೆ ಹುಳು ಬಾರದಂತೆ ಮೈಲುತುತ್ತ ಹಾಕುವ ರೂಢಿ ಇದೆ, ಹಾಕುವುದಾದರೆ ಚಿಟಿಕೆಯಷ್ಟೇ ಸಾಕು. ನಾಲ್ಕಕ್ಕೂ ಅವರು ಹೂಂ ಎಂದ ಮೇಲೆ ಪುಸ್ತಕ ಕೊಟ್ಟು ಬನ್ನಿ.